ಖಾಲಿ ಬಿಟ್ಟರೆ ಖೋಲಿ

ಚಿಕ್ಕೋಡಿಯ ಒಂದು ಪದವಿ ಕಾಲೇಜಿನಲ್ಲಿ, ರಸಾಯನಶಾಸ್ತ್ರ ಪ್ರಯೋಗಾಲಯದ ಹಿಂದಿನ ಸಣ್ಣ ಕೋಣೆಯಲ್ಲಿ, ಗಾದೆ ಹೇಳುವ ಕಂಪ್ಯೂಟರ್ ಒಂದಿತ್ತು. ಕಾಲೇಜಿಗೆ ಹೊಸದಾಗಿ ಸೇರಿದವರು ಇದನ್ನು ಚೇಷ್ಟೆಯ ಮಾತೆಂದೇ ತಿಳಿಯುತ್ತಿದ್ದರು. ವಿಭಾಗದ ಉಪನ್ಯಾಸಕಿ ಶೈಲಾ ವಾದಕ್ಕೆ ಇಳಿಯುತ್ತಿರಲಿಲ್ಲ. ಅವರನ್ನು ಒಳಗೆ ಕರೆದು, ಒಂದು ಕೈ ಮುರಿದ ಕುರ್ಚಿಯಲ್ಲಿ ಕೂರಿಸಿ, ನಡೆಯುತ್ತಿದ್ದ ಲೆಕ್ಕ ಮುಗಿಯುವವರೆಗೆ ಕಾಯಿಸುತ್ತಿದ್ದಳು. ಕಪ್ಪು ಪರದೆಯ ಮೇಲೆ ಅಂಕಿಗಳೆಲ್ಲ ಹರಿದುಹೋದ ಮೇಲೆ ತಳದಲ್ಲಿ ಒಂದು ಸಾಲು ಮೂಡುತ್ತಿತ್ತು. ಅಕ್ಷರ ಇಂಗ್ಲಿಷಿನವು, ಮಾತು ಮಾತ್ರ ಅಪ್ಪಟ ಈ ಕಡೆಯದು. ಒಂದು ದಿನ ‘ಕುಂಬಾರಗ ವರ್ಷ, ದೊಣ್ಣಿಗೆ ನಿಮಿಷ’. ಇನ್ನೊಂದು ದಿನ, ನಿಪ್ಪಾಣಿ ಕಡೆಯ ಹುಡುಗರಿಗೆ ಖುಷಿಯಾಗುವಂತೆ, ಮರಾಠಿಯ ‘ಉಥಳ ಪಾಣ್ಯಾಲಾ ಖಳಖಳಾಟ ಫಾರ’. ಆಳವಿಲ್ಲದ ನೀರಿಗೆ ಸದ್ದು ಜಾಸ್ತಿ ಎಂದು ಅರ್ಥ.

ಗಾದೆಗಳನ್ನು ಅದರ ಹೊಟ್ಟೆಗೆ ಹಾಕಿದವರು ರಾಜಾರಾಮ ಸರ್. ಶೈಲಾಗೆ ಬಿಎಸ್ಸಿಯಲ್ಲಿ ಪಾಠ ಹೇಳಿದವರು, ಆಮೇಲೆ ಅದೇ ವಿಭಾಗದಲ್ಲಿ ಅವಳ ಹಿರಿಯ ಸಹೋದ್ಯೋಗಿ. ಅಣುಗಳ ಓಡಾಟವನ್ನು ಲೆಕ್ಕ ಹಾಕಿ ತೋರಿಸುವ ಆ ತಂತ್ರಾಂಶವನ್ನು ದೇಶವಿದೇಶದ ವಿಜ್ಞಾನಿಗಳು ಸೇರಿ ಬರೆದು, ಬೇಕಾದವರು ಬೇಕಾದಂತೆ ತಿದ್ದಿಕೊಳ್ಳಲಿ ಎಂದು ಬಿಟ್ಟುಕೊಟ್ಟಿದ್ದರು. ಮೂಲದಲ್ಲಿ ಪ್ರತಿ ಲೆಕ್ಕದ ಕೊನೆಗೆ ಒಂದು ಇಂಗ್ಲಿಷ್ ನಗೆಮಾತು ಬರುತ್ತಿತ್ತು. ಅವುಗಳಲ್ಲಿ ಒಂದಕ್ಕೂ ಸರ್‌ಗೆ ನಗು ಬರಲಿಲ್ಲ. ಪುಣೆಯಿಂದ ಸಿ.ಡಿ.ಯಲ್ಲಿ ತಂದ ಆ ತಂತ್ರಾಂಶವನ್ನು ಬಿಚ್ಚಿ, ನಗೆಮಾತುಗಳನ್ನು ಕಿತ್ತು, ಆ ಜಾಗದಲ್ಲಿ ತಮ್ಮ ತಾಯಿ ಹೊಳೆವ್ವನ ಬಾಯಲ್ಲಿ ಕೇಳಿದ ಗಾದೆಗಳನ್ನು ಕೂರಿಸಿದರು. ಯಾವ ಗಾದೆ ಯಾವಾಗ ಬರುತ್ತದೆ ಎಂಬುದು ಯಂತ್ರದ ಮರ್ಜಿ. ಅದರ ಮೇಲೆ ವಿಭಾಗದಲ್ಲಿ ಒಂದು ರೂಢಿಯೂ ಹುಟ್ಟಿಕೊಂಡಿತ್ತು. ನೀರಿನ ಗಾದೆ ಬಂದರೆ ಅವತ್ತಿನ ಚಹಾ ರಾಜಾರಾಮ ಸರ್‌ದು. ಬೇರೆ ಯಾವುದು ಬಂದರೂ ಲೆಕ್ಕ ಓಡಿಸಿದವರದು.

ಅವರು ಲೆಕ್ಕ ಹಾಕುತ್ತಿದ್ದದ್ದೂ ನೀರಿನ ಬಗ್ಗೆಯೇ. ದ್ರಾಕ್ಷಿಯ ಸಿಪ್ಪೆಯ ಮೇಲೆ ತೆಳ್ಳನೆಯ ಮೇಣದ ಪದರ ಇರುತ್ತದೆ. ಹಣ್ಣಿನ ನೀರು ಹೊರಗೆ ಹೋಗದಂತೆ ಅದು ಕಾಯುತ್ತದೆ. ಒಣದ್ರಾಕ್ಷಿ ಮಾಡುವವರು ಗೊಂಚಲನ್ನು ಎಣ್ಣೆ ಬೆರೆಸಿದ ದ್ರಾವಣದಲ್ಲಿ ಅದ್ದಿ ತೆಗೆಯುತ್ತಾರೆ. ಹಾಗೆ ಅದ್ದಿದ ಹಣ್ಣು, ಅದ್ದದ ಹಣ್ಣಿಗೆ ಬೇಕಾಗುವ ದಿನಗಳ ಅರ್ಧದಲ್ಲೇ ಒಣಗುತ್ತದೆ. ಎಣ್ಣೆಯ ಅಣು ಮೇಣದೊಳಗೆ ಹೊಕ್ಕು ಏನು ಮಾಡುತ್ತದೆ, ನೀರು ಎಲ್ಲಿಂದ ದಾರಿ ಕಂಡುಕೊಳ್ಳುತ್ತದೆ? ಕಣ್ಣಿಗೆ ಕಾಣದ ಇದನ್ನು ಕಂಪ್ಯೂಟರಿನಲ್ಲಿ ಕಟ್ಟಿ ನೋಡುವುದೇ ಕೆಲಸ. ಸದಲಗಾದ ಕುರಿಗಾರರ ಮನೆಯಲ್ಲಿ ಹುಟ್ಟಿದ ರಾಜಾರಾಮ ಸರ್ ಇದನ್ನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಬಗೆ ಬೇರೆಯೇ ಇತ್ತು. “ಮೇಣ ಅಂದ್ರ ಬೇಲಿ. ನೀರ ಅಂದ್ರ ಕುರಿ. ಬೇಲ್ಯಾಗ ಒಂದು ಕಂಡಿ ಬಿತ್ತಂದ್ರ ಮುಂದಿಂದು ನುಗ್ಗತೈತಿ, ಹಿಂದಿನವು ಕೇಳೂದಿಲ್ಲ. ನಾವು ಎಣಸಬೇಕಾಗಿದ್ದು ಇಷ್ಟ: ಕಂಡಿ ಎಷ್ಟು ಬಿದ್ದಾವ, ಕುರಿ ಎಷ್ಟು ದಾಟ್ಯಾವ.”

ಈ ಪ್ರಶ್ನೆ ಹುಟ್ಟಿದ್ದು ಶೈಲಾಳ ಮನೆಯಲ್ಲಿ. ಅವಳು ಬಿಎಸ್ಸಿ ಕೊನೆಯ ವರ್ಷದಲ್ಲಿದ್ದಾಗ ಸರ್ ಒಂದು ಚೈತ್ರದಲ್ಲಿ ಇಡೀ ತರಗತಿಯನ್ನು ತೆಲಸಂಗಕ್ಕೆ ಕರೆದುಕೊಂಡು ಹೋಗಿದ್ದರು. ಅವಳ ಅಪ್ಪ ಬಾಬಾಸಾಹೇಬರಿಗೆ ಅಲ್ಲಿ ದ್ರಾಕ್ಷಿ ತೋಟ. ಮಾಸ್ತರರು ಮನೆಗೆ ಬಂದರೆಂದು ಅಪ್ಪ ಹೊಸ ರುಮಾಲು ಸುತ್ತಿದ್ದರು. ಹುಡುಗರೆಲ್ಲ ಬೇದಾಣೆ, ಅಂದರೆ ಒಣದ್ರಾಕ್ಷಿ, ಮುಕ್ಕುತ್ತಿದ್ದಾಗ ಅವರು ಸರ್ ಹತ್ತಿರ ಬಂದು ಕೇಳಿದ್ದು ಒಂದೇ ಮಾತು: “ಎಣ್ಣ್ಯಾಗ ಅದ್ದಿದ್ರ ನೀರು ಒಳಗ ಉಳೀಬೇಕಲ್ರಿ ಸರ? ಹೊರಗ ಹೆಂಗ ಬರತೈತಿ?” ಸರ್ ಏನೋ ಹೇಳಹೋಗಿ ನಿಲ್ಲಿಸಿದರು. “ನೋಡಿ ಹೇಳ್ತೀನ್ರಿ ಪಾಟೀಲರ” ಎಂದರು. ನೋಡುವುದಕ್ಕೆ ಅವರಿಗೆ ಉಳಿದ ನೌಕರಿಯೆಲ್ಲ ಬೇಕಾಯಿತು.

ಶೈಲಾ ಕೊಲ್ಹಾಪುರದಲ್ಲಿ ಎಂಎಸ್ಸಿ ಮುಗಿಸಿ ಅದೇ ಕಾಲೇಜಿಗೆ ಉಪನ್ಯಾಸಕಿಯಾಗಿ ಬರುವ ಹೊತ್ತಿಗೆ ಹಿಂದಿನ ಕೋಣೆಗೆ ಕಂಪ್ಯೂಟರ್ ಬಂದಿತ್ತು, ತಂತ್ರಾಂಶ ಓಡುತ್ತಿತ್ತು, ಗಾದೆಗಳೂ ಇದ್ದವು. ಮೊದಲ ದಿನ ಸರ್ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಸಾಲು ತುಂಬಿಸಿದರು. ಅಣುಗಳ ಸಂಖ್ಯೆ, ಒತ್ತಡ, ಕಾಲ. ತಾಪಮಾನದ ಸಾಲಿಗೆ ಬಂದಾಗ ಅವಳ ಕೈ ತಡೆದರು.

“ಅದನ್ನ ಖಾಲಿ ಬಿಡು. ಖಾಲಿ ಬಿಟ್ರ ಖೋಲಿದ ತಗೋತೈತಿ.”

ಖೋಲಿ ಎಂದರೆ ಕೋಣೆ. ಮರಾಠಿಯಿಂದ ಬಂದು ಈ ಕಡೆಯ ಕನ್ನಡದಲ್ಲಿ ಮನೆಮಾಡಿಕೊಂಡ ಮಾತು. ತಂತ್ರಾಂಶದ ಕೈಪಿಡಿಯಲ್ಲೂ ಅದನ್ನೇ ಬರೆದಿತ್ತು: ತಾಪಮಾನ ಕೊಡದಿದ್ದರೆ ಕೋಣೆಯ ತಾಪಮಾನ, ಅಂದರೆ ಮುನ್ನೂರು ಕೆಲ್ವಿನ್. ನಮ್ಮ ಲೆಕ್ಕದಲ್ಲಿ ಇಪ್ಪತ್ತೇಳು ಡಿಗ್ರಿ. ಫಲಿತಾಂಶದ ಹಾಳೆಯಲ್ಲೂ ಆ ಸಾಲಿನಲ್ಲಿ ಅಂಕಿ ಬರುತ್ತಿರಲಿಲ್ಲ, ‘ರೂಮ್’ ಎಂದಷ್ಟೇ ಇರುತ್ತಿತ್ತು. ಶೈಲಾ ಪ್ರಶ್ನೆ ಕೇಳಲಿಲ್ಲ. ಆಮೇಲೆ ಬಂದ ವಿದ್ಯಾರ್ಥಿಗಳು ಅದನ್ನು ಹಾಡಿನ ಪಲ್ಲವಿಯ ಹಾಗೆ ಮಾಡಿಕೊಂಡರು. ಪರೀಕ್ಷೆಯಲ್ಲಿ ಉತ್ತರ ಬಾರದಿದ್ದವನೂ ಹೊರಗೆ ಬಂದು “ಖಾಲಿ ಬಿಟ್ಟೀನಿ, ಖೋಲಿದ ತಗೋಳ್ಳಿ” ಎನ್ನುತ್ತಿದ್ದ.

ಹೀಗೆ ವರ್ಷಗಳು ಕಳೆದವು. ಶೈಲಾಗೆ ಮದುವೆಯಾಯಿತು. ಗಂಡ ಮಲ್ಲೇಶ ರಾಯಬಾಗದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಇಬ್ಬರು ಮಕ್ಕಳು ಬೆಳೆದರು. ಪಿಎಚ್‌ಡಿ ಮಾಡು ಎಂದು ಸರ್ ಹೇಳುತ್ತಲೇ ಇದ್ದರು, ಅವಳು ಮುಂದಿನ ವರ್ಷ ಎನ್ನುತ್ತಲೇ ಇದ್ದಳು. ಸರ್ ನಿವೃತ್ತರಾಗಿ ಸದಲಗಾದ ಮನೆಯಲ್ಲಿ ಎಮ್ಮೆ ಕಟ್ಟಿದರು. ಕಾಲೇಜು ಬಿಡುವ ದಿನ ಕಂಪ್ಯೂಟರಿನ ಮೇಲಿನ ಧೂಳು ಒರೆಸಿ, “ಇನ್ನ ಇದು ನಿಂದು. ನಿಮ್ಮಪ್ಪಗ ನಾ ಉತ್ತರ ಹೇಳಿಲ್ಲ, ನೀ ಹೇಳು” ಎಂದರು. ಅದೇ ವರ್ಷ ಅವಳು ಪಿಎಚ್‌ಡಿಗೆ ಹೆಸರು ಹಚ್ಚಿದಳು. ಕಾಲೇಜಿನ ಹುಡುಗಿಯರು ಅವಳನ್ನು ನೋಡಿ “ಮ್ಯಾಡಮ್ಮೂ ಕಲ್ಯಾಕತ್ತಾರ” ಎಂದು ಮುಸಿಮುಸಿ ನಗುತ್ತಿದ್ದರು. ಲೆಕ್ಕಗಳೆಲ್ಲ ಮುಗಿದು, ಪ್ರಬಂಧ ಬರೆದು, ಸಲ್ಲಿಸುವುದಷ್ಟೇ ಬಾಕಿ ಇತ್ತು.

ಆಗ ಅವಳ ಮಾರ್ಗದರ್ಶಕರು ವಿಶ್ವವಿದ್ಯಾಲಯದಿಂದ ಫೋನ್ ಮಾಡಿದರು. ಅವಳು ಬಳಸಿದ ಆವೃತ್ತಿಯನ್ನು ಬರೆದವರೇ ಕೈಬಿಟ್ಟು ಬಹಳ ಕಾಲವಾಗಿದೆ, ಪರೀಕ್ಷಕರು ಅದನ್ನು ಕೇಳದೆ ಬಿಡುವುದಿಲ್ಲ. ಮುಖ್ಯವಾದ ಒಂದು ಲೆಕ್ಕವನ್ನು ಈಗಿನ ಆವೃತ್ತಿಯಲ್ಲಿ ಓಡಿಸಿ, ಎರಡೂ ಹೊಂದುತ್ತವೆ ಎಂದು ತೋರಿಸಿದರೆ ಸಾಕು. ಹೊಂದದಿದ್ದರೆ? ಹೊಂದದಿದ್ದರೆ ಎಲ್ಲವನ್ನೂ ಹೊಸದರಲ್ಲಿ ಮೊದಲಿನಿಂದ ಮಾಡಬೇಕಾಗುತ್ತದೆ ಎಂದು ಅವರು ಮೆಲ್ಲಗೆ ಹೇಳಿದರು.

ಹಳೆಯ ವಿದ್ಯಾರ್ಥಿಯೊಬ್ಬ ಕೊಟ್ಟ ಹೊಸ ಕಂಪ್ಯೂಟರ್ ಹೇಗೂ ಬಂದಿತ್ತು. ಅದಕ್ಕೆ ಹೊಸ ಆವೃತ್ತಿ ಹಾಕಿಕೊಟ್ಟವನು ಸುರಜ, ನಿಪ್ಪಾಣಿಯವನು, ಕಂಪ್ಯೂಟರ್ ವಿಭಾಗದ ಉಪನ್ಯಾಸಕ. ಶೈಲಾಗಿಂತ ಬಹಳ ಚಿಕ್ಕವನು, ಬಾಯಿ ಮಾತ್ರ ದೊಡ್ಡದು.

“ಮ್ಯಾಡಮ್ರೀ, ನಿಮ್ಮ ಅಜ್ಜನ ಮಷೀನ್ ಇನ್ನ ಕಾಶಿಗೆ ಕಳಸ್ರಿ.”

“ಅಜ್ಜ ಇದ್ದಾಗನ ಮೊಮ್ಮಗ ಕಲೀಬೇಕಪ್ಪಾ. ಸುಮ್ನ ಕೆಲಸ ಮಾಡು.”

ಹೊಸ ಆವೃತ್ತಿ ಚೆಲುವಾಗಿತ್ತು. ಕಪ್ಪು ಪರದೆ ಹೋಗಿ ಬಣ್ಣ ಬಂದಿತ್ತು. ಮೇಣದ ಪದರ ಜೋಳದ ಹೊಲದ ಹಾಗೆ ತೂಗುವುದನ್ನು ಕೂತಲ್ಲೇ ನೋಡಬಹುದಿತ್ತು. ಶೈಲಾ ಎಂದಿನಂತೆ ಒಂದೊಂದೇ ಸಾಲು ತುಂಬಿ, ತಾಪಮಾನವನ್ನು ಖಾಲಿ ಬಿಟ್ಟು ಒತ್ತಿದಳು. ತಂತ್ರಾಂಶ ಮುಂದೆ ಹೋಗಲಿಲ್ಲ. ಖಾಲಿ ಬಿಟ್ಟ ಸಾಲಿನ ಸುತ್ತ ಕೆಂಪು ಚೌಕಟ್ಟು ಹಾಕಿ, ಅಂಕಿ ಕೊಡಿ ಎಂದಿತು.

“ಹೊಸಾದ್ರಾಗ ಊಹೆ ಮಾಡೂದು ಬಂದ್ ಮಾಡ್ಯಾರ್ರೀ,” ಎಂದ ಸುರಜ. “ನಾವ ಹೇಳಬೇಕು.”

“ಹೇಳೂಣಲ್ಲ, ಅದಕ್ಕೇನು.” ಅವಳು ಮುನ್ನೂರು ಎಂದು ಒತ್ತಿದಳು.

ಲೆಕ್ಕ ಎರಡು ಹಗಲು ಓಡಿತು. ಶುಕ್ರವಾರ ಸಂಜೆ ಸುರಜ ಹಳೆಯ ಗೆರೆಯ ಮೇಲೆ ಹೊಸ ಗೆರೆಯನ್ನು ಎಳೆದು ತೋರಿಸಿದ. ಹಳೆಯದು ಗುಡ್ಡ ಹತ್ತಿದಂತೆ ಏರುತ್ತಿತ್ತು. ಹೊಸದು ಕೆಳಗೆಲ್ಲೋ ತೆವಳುತ್ತಿತ್ತು. ಮೇಣ ದಾಟಿದ ನೀರು ಹೊಸ ಲೆಕ್ಕದಲ್ಲಿ ಅರ್ಧದಷ್ಟೂ ಇರಲಿಲ್ಲ.

ಸುರಜನ ನಗು ಹೋಗಿತ್ತು. “ಹೊಸಾದ್ರಾಗ ಹಳೇ ತಪ್ಪು ತಿದ್ದಿರ್ತಾರ್ರೀ ಮ್ಯಾಡಮ್,” ಎಂದ ತಗ್ಗಿದ ದನಿಯಲ್ಲಿ. “ಹಳೇದ... ಮದ್ಲಿಂದನೂ ತಪ್ಪ ಇತ್ತೋ ಏನೋ.”

ಅವಳು ಎದ್ದು ಹಳೆಯ ಯಂತ್ರದ ಮುಂದೆ ಕೂತು, ಅದೇ ಲೆಕ್ಕದ ಚಿಕ್ಕದೊಂದು ತುಣುಕನ್ನು ಓಡಿಸಿದಳು. ಹಳೆಯ ಉತ್ತರವೇ ಬಂತು, ಮತ್ತೆ ಓಡಿಸಿದಳು, ಅದೇ ಬಂತು. ತಳದಲ್ಲಿ ಗಾದೆ ಮೂಡಿತು: ‘ಕುಣೀಲಾರದಾಕಿ ಅಂಗಳ ಡೊಂಕ ಅಂದ್ಲಂತ’. ಬೇರೆ ದಿನವಾಗಿದ್ದರೆ ನಗುತ್ತಿದ್ದಳು.

ಅವಳನ್ನು ಕಾಡಿದ್ದು ಮತ್ತೆ ವರ್ಷಗಟ್ಟಲೆ ದುಡಿಯಬೇಕಲ್ಲ ಎಂಬುದಷ್ಟೇ ಆಗಿರಲಿಲ್ಲ. ಹಳೆಯದು ತಪ್ಪೆಂದರೆ ಸರ್ ಮಾಡಿದ್ದೂ ತಪ್ಪು. ಆ ಸಣ್ಣ ಕೋಣೆಯ ಮಧ್ಯಾಹ್ನಗಳು, ಕರೆಂಟು ಹೋದಾಗ ಇಬ್ಬರೂ ರಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತ ಮೇಣದ ಅಣುವಿನ ಉದ್ದದ ಬಗ್ಗೆ ವಾದಿಸಿದ್ದು, ಉತ್ತರ ಬಂದ ದಿನ ಸರ್ ಜವಾನನನ್ನೂ ಕರೆದು ಪರದೆ ತೋರಿಸಿದ್ದು. ಎಲ್ಲ ಸುಳ್ಳು ಅಂಕಿಗಳ ಸುತ್ತ ನಡೆದದ್ದಾದರೆ? ಮನೆಯಲ್ಲಿ ಮಲ್ಲೇಶ ಎಲ್ಲ ಕೇಳಿಕೊಂಡು, ಊಟದ ತಾಟು ಅವಳ ಕಡೆ ಸರಿಸಿ, “ಸರ್ ಇನ್ನ ಗಟ್ಟ್ಯಾಗಿ ಅದಾರ. ಹೋಗಿ ಕೇಳಬಾರದೇನು?” ಎಂದ.

ಶನಿವಾರ ಬೆಳಗಿನ ತರಗತಿ ಮುಗಿಸಿ ಅವಳು ಸದಲಗಾದ ಬಸ್ಸು ಹತ್ತಿದಳು. ಯಕ್ಸಂಬಾ ದಾಟಿದ ಮೇಲೆ ದಾರಿಯ ಎರಡೂ ಬದಿಗೆ ಕಬ್ಬು. ಈ ದಾರಿಯಲ್ಲೇ ಸರ್ ದಿನಾ ಬಂದು ಹೋಗುತ್ತಿದ್ದರು, ಊಟದ ಡಬ್ಬಿಯ ಜೊತೆ ಒಂದು ಬಾಟ್ಲಿ ಮಜ್ಜಿಗೆ ಹಿಡಿದು. ಅರ್ಧ ಮಜ್ಜಿಗೆ ಯಾವಾಗಲೂ ಅವಳಿಗೆ.

ದೂಧಗಂಗೆಯ ಕಡೆಗಿರುವ ಮನೆಯ ಅಂಗಳದಲ್ಲಿ ರಾಜಾರಾಮ ಸರ್ ಎಮ್ಮೆಗೆ ಮೇವು ಹಾಕುತ್ತಿದ್ದರು. ಧೋತರ ಎತ್ತಿ ಕಟ್ಟಿದ್ದರು. ತರಗತಿಯಲ್ಲಿ ತೊಡುತ್ತಿದ್ದ ಕಪ್ಪು ಚೌಕಟ್ಟಿನ ಕನ್ನಡಕ ಮಾತ್ರ ಅದೇ ಇತ್ತು.

“ಯಾರದು, ಶೈಲಾ? ಬಾ ಬೇ, ಬಾ. ಆ ಕಡಿಂದ ಬಾ, ಇದು ಒದಿತೈತಿ. ಹೊಸಬರನ್ನ ಕಂಡ್ರ ಆಗೂದಿಲ್ಲ ಇದಕ್ಕ, ನಮ್ಮ ಪ್ರಿನ್ಸಿಪಾಲರಂಗ.”

“ಸರ್ರ, ಲೆಕ್ಕ ಹೊಂದವಲ್ವು.”

“ಮದ್ಲ ನೀರ ಕುಡಿ. ಲೆಕ್ಕ ಎಲ್ಲಿ ಓಡಿ ಹೊಕ್ಕಾವು.”

ಒಳಗಿನಿಂದ ಅವರ ಹೆಂಡತಿ ಅಕ್ಕವ್ವ ಬಂದು, ಅವಳ ಮುಖ ನೋಡಿ, “ಯಾಕವ್ವಾ, ಇಷ್ಟು ಸೊರಗೀಯಲ್ಲ? ಆ ಸುಡುಗಾಡು ಕಂಪ್ಯೂಟರ್ ಇವರನ್ನ ತಿಂದದ್ದು ಸಾಲದ ನಿನ್ನೂ ಹಿಡೀತೇನು?” ಎನ್ನುತ್ತ ತಂಬಿಗೆ ಕೊಟ್ಟಳು.

“ಹೌದ್ರಿ ಕಾಕೂ, ಹಂಗ ಆಗೇತಿ” ಎಂದು ಶೈಲಾ ಕಟ್ಟೆಯ ಮೇಲೆ ಕೂತಳು. ಹೊಸ ಆವೃತ್ತಿ, ಎರಡು ಗೆರೆ, ಮಾರ್ಗದರ್ಶಕರ ಫೋನು, ಎಲ್ಲ ಹೇಳಿದಳು. ಸರ್ ಮೇವಿನ ಕಡ್ಡಿ ಮುರಿಯುತ್ತ ಕೇಳಿದರು.

“ಹೊಸಾದು ಎಷ್ಟು ಕಡಿಮಿ ತೋರಸ್ತೈತಿ?”

“ಅರ್ಧಾನೂ ಬರವಲ್ದ್ರಿ.”

“ಒತ್ತಡ ಅದ ಐತೇನು? ಮೇಣ ನಮ್ಮದ ಹಾಕೀಯಲ್ಲ?”

“ಎಲ್ಲಾ ಅದನ ಐತ್ರಿ.”

“ತಾಪಮಾನ?”

“ಖಾಲಿ ಬಿಡಾಕ ಬರಂಗಿಲ್ರಿ ಹೊಸಾದ್ರಾಗ. ಅಂಕಿ ಕೇಳ್ತೈತಿ. ಅದಕ್ಕ ಖೋಲಿದ ಕೊಟ್ಟೆ.”

“ಖೋಲಿದ ಅಂದ್ರ ಎಷ್ಟ ಕೊಟ್ಟಿ?”

“ಮುನ್ನೂರ್ರಿ. ಇಪ್ಪತ್ತೇಳು ಡಿಗ್ರಿ.”

ಸರ್ ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟರು. ಕನ್ನಡಕ ಮೇಲೇರಿಸಿದರು.

“ಯಾವ ಖೋಲಿ ಬೇ ಅದು?”

“ಖೋಲಿ ಅಂದ್ರ ಖೋಲಿ ಸರ್ರ. ರೂಮ್ ಟೆಂಪರೇಚರ್. ಪುಸ್ತಕದಾಗ...”

“ಪುಸ್ತಕ ಬರದಾಂವ ಚೈತ್ರದಾಗ ತೆಲಸಂಗಕ್ಕ ಬಂದಿದ್ದನೇನು?”

ಅವಳು ಕೈಯಲ್ಲಿದ್ದ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟಳು.

“ಅಲ್ಲ ಶೈಲಾ, ನಿಮ್ಮಪ್ಪನ ಖೋಲಿ! ಬೇದಾಣೆ ಖೋಲಿ! ದ್ರಾಕ್ಷಿ ಎಲ್ಲೆ ಒಣಗತೈತೋ ಆ ಖೋಲಿ ಹಾಕಬೇಕೋ, ಕಾಲೇಜಿನ ಖೋಲಿ ಹಾಕಬೇಕೋ? ಇಪ್ಪತ್ತೇಳು ಡಿಗ್ರಿಯೊಳಗ ದ್ರಾಕ್ಷಿ ಒಣಗೂದಿಲ್ಲ, ಕೊಳೀತೈತಿ. ಅವತ್ತ ನಾ ಅಲ್ಲೆ ಕುಂತು ಬೆವತು ನೀರಾಗಿದ್ದೆ. ನಿಮ್ಮವ್ವ ಮಜ್ಜಿಗಿ ಕೊಟ್ಟಿದ್ಲು. ಗೂಟಕ್ಕ ಥರ್ಮಾಮೀಟರ್ ಹಾಕಿ ನೋಡಿದ್ವಿ. ನಲ್ವತ್ತು! ಮಷೀನಿನ್ಯಾಗ ಗಾದಿ ತುಂಬೂ ಮುಂದ ಅದರ ಮುನ್ನೂರನ್ನೂ ತಿದ್ದಿ ಈ ನಲ್ವತ್ತ ಕುಂದ್ರಿಸಿದ್ದೆ.”

“ನನಗ ಹೇಳಬಾರದೇನ್ರಿ ಸರ್ರ?”

“ಹೇಳೂದೇನ ಬಂತು? ನಿಮ್ಮನಿ ಖೋಲಿ ನಿನಗ ನಾ ಹೇಳಿಕೊಡಬೇಕಿತ್ತೇನು?”

ಅಕ್ಕವ್ವ ಬಾಗಿಲಲ್ಲೇ ನಿಂತು ಸೆರಗು ಬಾಯಿಗಿಟ್ಟು ನಕ್ಕಳು. ಶೈಲಾಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಖೋಲಿ ಎಂಬ ಮಾತನ್ನು ಆ ಅರ್ಥದಲ್ಲಿ ಅವಳು ಕೇಳದೆ ಎಷ್ಟು ಕಾಲವಾಗಿತ್ತು!

ತೆಲಸಂಗದ ತೋಟದಲ್ಲಿ, ಬಾವಿಯ ಆಚೆ, ಕಲ್ಲಿನ ಗೋಡೆಯ ಒಂದು ಉದ್ದನೆಯ ಕೋಣೆ ಇತ್ತು. ಮೇಲೆ ತಗಡು. ಗೋಡೆಯಲ್ಲಿ ಗಾಳಿಗೆ ಬಿಟ್ಟ ಕಿಂಡಿಗಳು. ಒಳಗೆ ಗೂಟದಿಂದ ಗೂಟಕ್ಕೆ ತಂತಿ ಎಳೆದು, ಜಾಳಿಗೆ ಹಾಸಿ, ಗೊಂಚಲು ಹರವುತ್ತಿದ್ದರು. ಮನೆಯಲ್ಲಿ ಅಡುಗೆಮನೆ ಇತ್ತು, ಪಡಸಾಲೆ ಇತ್ತು, ದೇವರಮನೆ ಇತ್ತು. ಖೋಲಿ ಅಂದರೆ ಇದೊಂದೇ. “ಖೋಲಿ ಕಡೆ ಹೋಗಬ್ಯಾಡ, ಬಿಸಲ ಬಡಿತೈತಿ” ಎಂದು ಅವ್ವ ಕೂಗುತ್ತಿದ್ದಳು. ಮಕ್ಕಳು ಅಲ್ಲಿಗೇ ಹೋಗುತ್ತಿದ್ದರು. ಒಳಗೆ ಕಾಲಿಟ್ಟರೆ ಸಿಹಿಯೂ ಹುಳಿಯೂ ಅಲ್ಲದ ಒಂದು ಬಿಸಿ ವಾಸನೆ ಮುಖಕ್ಕೆ ಬಂದು ಕೂರುತ್ತಿತ್ತು. ಕೆಳಗೆ ಉದುರಿದ, ಅರ್ಧ ಒಣಗಿದ ಹಣ್ಣು ಆಯ್ದು ತಿಂದರೆ ಬೆರಳೆಲ್ಲ ಅಂಟು. ಅವಳು ಕೊಲ್ಹಾಪುರದಲ್ಲಿ ಓದುತ್ತಿದ್ದ ವರ್ಷ ಅಪ್ಪ ಹೊಸ ಪದ್ಧತಿಯ ಶೆಡ್ ಕಟ್ಟಿಸಿದರು. ಕಬ್ಬಿಣದ ಕಂಬ, ಹಸಿರು ಪರದೆ. ಅಂದಿನಿಂದ ಮನೆಯವರೆಲ್ಲ ‘ಶೆಡ್ಡು’ ಎನ್ನತೊಡಗಿದರು. ಕಲ್ಲಿನ ಕೋಣೆಗೆ ಪೈಪು, ಪಂಪು ಸೇರಿದವು. ಮಾತು ಮನೆಯಿಂದ ಹೊರಬಿದ್ದಿತ್ತು. ಹೊರಬಿದ್ದದ್ದು ಚಿಕ್ಕೋಡಿಯ ಒಂದು ಯಂತ್ರದೊಳಗೆ ಉಳಿದುಕೊಂಡಿತ್ತು. ದಿನಾ ಅದರೆದುರು ಕೂತರೂ ಅವಳಿಗೆ ತಿಳಿದಿರಲಿಲ್ಲ.

“ನನ್ನ ಮಾತ ನಂಬಬ್ಯಾಡ,” ಎಂದರು ಸರ್, ಅವಳು ಎದ್ದಾಗ. “ಈ ವಯಸ್ಸಿನ್ಯಾಗ ನೆನಪು ತನಗ ಬೇಕಾದ್ದು ಹೇಳ್ತೈತಿ. ನಲ್ವತ್ತು ಕೊಟ್ಟು ಓಡಿಸಿ ನೋಡು. ಹೊಂದಿದ್ರ ಛಲೋ. ಹೊಂದಲಿಲ್ಲಂದ್ರ ನಾನೂ ಬರ್ತೀನಿ, ಇಬ್ರೂ ಕೂಡಿ ಮದ್ಲಿಂದ ಮಾಡೂಣು.”

“ಎಮ್ಮಿ ಯಾರ ನೋಡ್ತಾರ?” ಎಂದಳು ಅಕ್ಕವ್ವ.

“ಅದನೂ ಕರಕೊಂಡ ಹೋಗ್ತೀನಿ. ಪ್ರಿನ್ಸಿಪಾಲರ ಖೋಲ್ಯಾಗ ಕಟ್ಟೂದು.”

ಬಸ್ ನಿಲ್ದಾಣದಿಂದಲೇ ಅವಳು ಸುರಜನಿಗೆ ಫೋನ್ ಮಾಡಿದಳು. ಬೇರೆ ಏನೂ ಮುಟ್ಟಬೇಡ, ತಾಪಮಾನ ಒಂದನ್ನೇ ಬದಲಿಸು. ಮುನ್ನೂರ ಹದಿಮೂರು ಕೆಲ್ವಿನ್, ಅಂದರೆ ನಲವತ್ತು ಡಿಗ್ರಿ.

“ಯಾಕ್ರಿ ಮ್ಯಾಡಮ್, ಹದಿಮೂರು ಮ್ಯಾಲ?”

“ನಮ್ಮಪ್ಪನ ಖೋಲಿ.”

“ಹಾಂ... ಹಾಕ್ತೀನ್ರಿ” ಎಂದ ಸುರಜ, ಮೇಡಂ ತಲೆಗೆ ಬಿಸಿಲು ಬಡಿದಿರಬೇಕು ಎಂಬ ದನಿಯಲ್ಲಿ. ಈ ಸಲ ಪೂರ್ತಿ ಲೆಕ್ಕ ಬೇಡ, ಎರಡು ಗೆರೆ ಹೋಲಿಸುವಷ್ಟು ಸಾಕು, ನಾಳೆ ಮಧ್ಯಾಹ್ನದೊಳಗೆ ತಿಳಿಯುತ್ತದೆ ಎಂದೂ ಹೇಳಿದ.

ನಾಳೆ ಮಧ್ಯಾಹ್ನದವರೆಗೆ ಮನೆಯಲ್ಲಿ ಕೂರುವುದು ಅವಳಿಂದಾಗಲಿಲ್ಲ. ಭಾನುವಾರ ಬೆಳಗಿನ ಬಸ್ಸಿಗೆ, ಪ್ರಯೋಗಾಲಯದ ಒಂದು ಥರ್ಮಾಮೀಟರನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಹಾರೂಗೇರಿ ಮೇಲೆ ಹಾಯ್ದು, ಅಥಣಿಯಲ್ಲಿ ಬಸ್ಸು ಬದಲಿಸಿ ತೆಲಸಂಗ ತಲುಪಿದಳು. ಹೇಳದೆ ಕೇಳದೆ ಬಂದ ಮಗಳನ್ನು ನೋಡಿ ಅವ್ವ ಕಸ್ತೂರೆವ್ವಗೆ ಗಾಬರಿ.

“ಮಲ್ಲೇಶನ ಕೂಡ ಜಗಳ ಆಡಿ ಬಂದೀಯೇನು?”

“ಇಲ್ಲ ಬೇ ಯವ್ವಾ. ಖೋಲಿ ನೋಡಾಕ ಬಂದೀನಿ.”

“ಯಾವ ಖೋಲಿ?”

“ಬಾವಿ ಆಚೇದು.”

“ಅಲ್ಲೇನ ಐತಿ ನೋಡಾಕ? ಹೆಗ್ಗಣ ಅದಾವ.” ಹಾಗೆಂದರೂ ಅವ್ವ ಕೀಲಿ ತಂದಳು. ಮಗಳ ಹಿಂದೆಯೇ ಬಂದಳು.

ಬಾಗಿಲು ಕಿರುಗುಟ್ಟಿ ತೆರೆಯಿತು. ಮೂಲೆಯಲ್ಲಿ ಸುರುಳಿ ಸುತ್ತಿದ ಪೈಪು, ಕೆಟ್ಟ ಪಂಪು, ಖಾಲಿ ಗೊಬ್ಬರದ ಚೀಲ. ಹಣ್ಣಿನ ವಾಸನೆ ಇರಲಿಲ್ಲ. ಗ್ರೀಸಿನ ವಾಸನೆ, ಧೂಳು. ಬಿಸಿ ಮಾತ್ರ ಅಂದಿನದೇ. ತಗಡಿನಿಂದ ಇಳಿದು ಹೆಗಲ ಮೇಲೆ ಕೈ ಇಟ್ಟಂತೆ. ಗೋಡೆಯ ಗೂಟಗಳು ಸಾಲಾಗಿ ಹಾಗೇ ಇದ್ದವು. ಒಂದಕ್ಕೆ ಇನ್ನೂ ತುಂಡು ತಂತಿ. ಸರ್ ಯಾವ ಗೂಟಕ್ಕೆ ಹಾಕಿದ್ದರೋ ಅವಳಿಗೆ ನೆನಪಿರಲಿಲ್ಲ. ಎದುರಿಗಿದ್ದದ್ದಕ್ಕೆ ಥರ್ಮಾಮೀಟರ್ ತೂಗುಹಾಕಿ, ಚೀಲದ ಮೇಲೆ ಕೂತಳು.

ಅಪ್ಪ ತೋಟದಿಂದ ಬಂದು ಬಾಗಿಲಲ್ಲಿ ನಿಂತರು. ಈಗ ರುಮಾಲು ಸುತ್ತುವುದಿಲ್ಲ, ಬಿಳಿ ಟೊಪ್ಪಿಗೆ. ಗೂಟದ ಕಡೆ ನೋಡ ನೋಡುತ್ತ ಅವರ ಮುಖ ಅರಳಿತು.

“ಸರೂ ಹಿಂಗ ತೂಗಹಾಕಿದ್ರು. ಏನ ಬೆವತಿದ್ರು ಪಾಪ! ಒಂದು ತಂಬಿಗಿ ಮಜ್ಜಿಗಿ ಒಂದ ಗುಟುಕಿಗೆ ಕುಡದ್ರು. ನನ್ನ ಪ್ರಶ್ನಾಕ್ಕ ಉತ್ತರ ಸಿಗ್ತೇನು ಅವರಿಗೆ?”

“ಇವತ್ತ ಗೊತ್ತಾಗತೈತಿ ಅಪ್ಪಾ.”

“ಇಷ್ಟ ವರ್ಷ ಬೇಕಾತು? ಅಷ್ಟ ಕಠಿಣ ಕೇಳಿದ್ನೇನ ನಾ?”

ಪಾದರಸ ನಲವತ್ತರ ಗೆರೆಗಿಂತ ಸ್ವಲ್ಪ ಕೆಳಗೆ ಬಂದು ನಿಂತಿತ್ತು. ಬಾಗಿಲು ತೆರೆದಿತ್ತಲ್ಲ ಎಂದುಕೊಂಡಳು. ಅಷ್ಟರಲ್ಲಿ ಫೋನ್ ರಿಂಗಣಿಸಿತು. ಒಳಗೆ ಸಿಗ್ನಲ್ ತುಂಡುತುಂಡು. ಅವಳು ಕಿಂಡಿಯ ಹತ್ತಿರ ಹೋಗಿ ಕಿವಿಗೆ ಒತ್ತಿ ಹಿಡಿದಳು.

“ಹೊಂದ್ಯಾವ್ರೀ ಮ್ಯಾಡಮ್!” ಸುರಜ ಕೂಗುತ್ತಿದ್ದ. “ಗೆರಿ ಮ್ಯಾಲ ಗೆರಿ ಕುಂತೈತ್ರಿ. ಹಳೇದು ಯಾವುದು ಹೊಸಾದು ಯಾವುದು ಗೊತ್ತಾಗವಲ್ದು. ನಿಮ್ಮ ಅಜ್ಜನ ಮಷೀನ್ ಸುಳ್ಳ ಹೇಳಿಲ್ರಿ!”

“ಸರಿಯಾಗಿ ನೋಡೀಯೇನು?”

“ಮೂರು ಸಲ ನೋಡೀನ್ರಿ. ನಿಮ್ಮಪ್ಪಾರ ಖೋಲಿಗೆ ನನ್ನ ನಮಸ್ಕಾರ ಹೇಳ್ರಿ.”

ಅವಳು ಫೋನ್ ಇಟ್ಟು ಗೋಡೆಗೆ ಬೆನ್ನು ಕೊಟ್ಟು ನಿಂತಳು. ಬಿಸಿ ಕಲ್ಲು ಸೀರೆಯನ್ನು ದಾಟಿ ಬೆನ್ನು ಮುಟ್ಟಿತು. ಕಣ್ಣಲ್ಲಿ ನೀರು ಬಂದದ್ದನ್ನು ಬೆವರೆಂದು ತೋರಿಸಲು ಸೆರಗಿನಿಂದ ಮುಖವನ್ನೆಲ್ಲ ಒರೆಸಿಕೊಂಡಳು.

“ಏನಾತು? ಯಾಕ ಹಿಂಗ ನಿಂತಿ?” ಎಂದಳು ಅವ್ವ.

“ಖೋಲಿ ಸಿಕ್ತು ಬೇ ಯವ್ವಾ.”

“ಕಳದಿತ್ತೇನು ಅದು? ಇಲ್ಲೇ ಐತ್ಯಲ್ಲ,” ಎಂದು ಕಸ್ತೂರೆವ್ವ ಅಡುಗೆಯ ಕಡೆ ತಿರುಗಿದಳು.

ಅಪ್ಪನಿಗೆ ಅವಳು ಅಲ್ಲೇ ಉತ್ತರ ಹೇಳಿದಳು. ಸರ್ ಹೇಳುತ್ತಿದ್ದಂತೆ, ಬೇಲಿ, ಕಂಡಿ, ಕುರಿ. ಎಣ್ಣೆ ಮೇಣದ ಬೇಲಿಯ ನಡುವೆ ಹೊಕ್ಕು ಕಂಬ ಕಂಬವನ್ನು ದೂರ ಸರಿಸುತ್ತದೆ. ಬಿಸಿಗೆ ಕಂಬಗಳು ಅಲ್ಲಾಡುತ್ತವೆ. ನೀರು ಆ ಸಂದಿನಲ್ಲಿ ನುಗ್ಗುತ್ತದೆ. ತಂಪಿದ್ದರೆ ಬೇಲಿ ಬಿಗಿ, ಅಷ್ಟು ಸುಲಭದಲ್ಲಿ ಬಿಡುವುದಿಲ್ಲ. ಬಾಬಾಸಾಹೇಬರು ಗಂಭೀರವಾಗಿ ಕೇಳಿದರು.

“ಅಂದ್ರ ಎಣ್ಣಿ ಬೇಲಿ ಸಡಲ ಮಾಡತೈತಿ. ಬಿಸಲು ಕುರಿ ಹೊಡೀತೈತಿ.”

“ಹೌದಪ್ಪಾ.”

“ಸರ್‌ಗ ಹೇಳು, ತಿಳೀತು ಅಂತ.”

ಸೋಮವಾರ ಅವಳು ಪ್ರಬಂಧದ ಕಡತ ತೆರೆದು ತಿದ್ದಲು ಕೂತಳು. ‘ಕೋಣೆಯ ತಾಪಮಾನ, ಇಪ್ಪತ್ತೇಳು ಡಿಗ್ರಿ’ ಎಂದು ಬರೆದ ಕಡೆಯಲ್ಲೆಲ್ಲ ನಲವತ್ತು ಬಂತು. ತಪ್ಪು ಹೇಗಾಯಿತು, ಸರಿ ಹೇಗೆ ಸಿಕ್ಕಿತು ಎಂಬುದನ್ನೂ ಮುಚ್ಚಿಡದೆ ಒಂದು ಪುಟದಲ್ಲಿ ವಿವರಿಸಿದಳು. ‘ಕೋಣೆ’ ಎಂಬ ಮಾತನ್ನು ತೆಗೆಯಲು ಮಾರ್ಗದರ್ಶಕರು ಫೋನಿನಲ್ಲಿ ಸೂಚಿಸಿದರು. ಅವಳು ತೆಗೆಯಲಿಲ್ಲ. ತೆಲಸಂಗದ ಒಣದ್ರಾಕ್ಷಿ ಕೋಣೆಯಲ್ಲಿ ಚೈತ್ರದ ಮಧ್ಯಾಹ್ನದ ತಾಪಮಾನ ಎಂದು ಬಿಡಿಸಿ ಬರೆದಳು. ಸ್ವಲ್ಪ ಯೋಚಿಸಿ ಅವರೂ ಒಪ್ಪಿದರು. ಮುಂದಿನ ವಾರ ಸಲ್ಲಿಸಬಹುದು ಎಂದರು.

ಸಂಜೆ ಸುರಜ ಹಳೆಯ ಯಂತ್ರದ ವೈರು ಬಿಚ್ಚಲು ಬಂದ. ಹಿಂದಿನ ಕೋಣೆಗೆ ಹೊಸ ಮೇಜು ಬರುವುದಿತ್ತು.

“ಒಂದ್ ನಿಮಿಷ ತಡಿ,” ಎಂದಳು ಶೈಲಾ. “ಒಂದು ಸಣ್ಣ ಲೆಕ್ಕ ಓಡಿಸಿಬಿಡ್ತೀನಿ.”

“ಇನ್ನ ಯಾಕ್ರಿ? ಉತ್ತರ ಗೊತ್ತೈತಲ್ಲ.”

“ಉತ್ತರಕ್ಕಲ್ಲಪ್ಪಾ.”

ಅವಳು ಒಂದೊಂದೇ ಸಾಲು ತುಂಬಿದಳು. ತಾಪಮಾನವನ್ನು ಖಾಲಿ ಬಿಟ್ಟಳು. ಯಂತ್ರ ಗೊರಗೊರ ಸದ್ದು ಮಾಡುತ್ತ ಯೋಚಿಸಿತು. ಅಂಕಿಗಳು ಹರಿದವು. ಸುರಜನೂ ವೈರು ಕೈಯಲ್ಲಿ ಹಿಡಿದು ಬಗ್ಗಿ ನಿಂತಿದ್ದ. ತಳದಲ್ಲಿ ಸಾಲು ಮೂಡಿತು: ‘ಊರಿಗೆ ಬಂದಾಕಿ ನೀರಿಗೆ ಬರಲಾರದ ಇರ್ತಾಳೇನು’.

ಸುರಜ ಚಪ್ಪಾಳೆ ತಟ್ಟಿದ. “ನೀರ ಬಂತ್ರೀ ಮ್ಯಾಡಮ್!”

ಶೈಲಾ ಆಗಲೇ ಫೋನ್ ಹಚ್ಚಿದ್ದಳು. ಆ ಕಡೆ ಎಮ್ಮೆ ಕೂಗುವುದು ಮೊದಲು ಕೇಳಿಸಿತು, ಆಮೇಲೆ ಸರ್ ದನಿ. ಗೆರೆಗಳು ಕೂಡಿದ ಸುದ್ದಿಯನ್ನು ಅವರಿಗೆ ನಿನ್ನೆಯೇ ತಿಳಿಸಿದ್ದಳು.

“ಏನವ್ವಾ, ಮತ್ತೇನ ಕೆಟ್ಟತು?”

“ಏನೂ ಕೆಟ್ಟಿಲ್ರಿ ಸರ್ರ. ನೀರಿನ ಗಾದಿ ಬಂದೈತಿ.”

ಸರ್ ಒಳಗಿದ್ದ ಅಕ್ಕವ್ವನಿಗೆ ಕೂಗಿ ಹೇಳಿದ್ದು ಕೇಳಿಸಿತು: “ಏ ಇವಳ, ನಾಳಿಗೆ ಹಾಲು ಒಂದಿಷ್ಟು ಹೆಚ್ಚ ಇಟಗೋ. ಚಿಕ್ಕೋಡಿ ಮಂದಿ ಚಹಾಕ್ಕ ಬರ್ತಾರ.”